ಬಡಬಡ ನಡಿ, ಕೂಸೇ

ಶಿರಸಿ
ಗುರುವಾರ ಮಧ್ಯಾಹ್ನ

ಕೂಸೇ,

‘ಉಭಯ ಕುಶಲೋಪರಿ’ ಎಂದು ಬರೆದು ಹೊಡೆದುಹಾಕಿದೆ. ನೀನು ಸೋಮವಾರ ಆಫೀಸಿನ ಮೆಟ್ಟಿಲ ಮೇಲೆ ಕಣ್ಣುಕತ್ತಲೆ ಬಂದು ಕುಸಿದಿದ್ದು ನಮಗೆ ಗೊತ್ತಾಗಿದ್ದು ನಿನ್ನೆ, ಅದೂ ನಿನ್ನ ರೂಮಿನ ಹುಡುಗಿಯಿಂದ. ಬಿಪಿ 150/100 ಅಂತೆ. ನನಗೆ ಅರವತ್ತೆಂಟು, ನನ್ನದು ಇನ್ನೂ 130 ದಾಟಿಲ್ಲ. ಡಾಕ್ಟರು ಎರಡು ದಿನ ರೆಸ್ಟ್ ಹೇಳಿದರೆ ನೀನು ಹಾಸಿಗೆ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆಯಂತೆ. ಆ ಹುಡುಗಿಯ ಮೇಲೆ ಸಿಟ್ಟು ಮಾಡಬೇಡ. ಆಯಿ ಕೆದಕಿ ಕೆದಕಿ ಕೇಳಿದ್ದು.

ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಕರೆಂಟಿಲ್ಲ, ನೆಟ್‌ವರ್ಕ್ ಬೇಕೆಂದರೆ ಸೊಪ್ಪಿನ ಬೆಟ್ಟ ಹತ್ತಬೇಕು. ಹಾಗಾಗಿ ಕಾಗದ. ಫೋನಿನಲ್ಲಾದರೆ ಎರಡೇ ನಿಮಿಷಕ್ಕೆ ‘ಅಪ್ಪಯ್ಯ, ಬೇರೆ ಕಾಲ್ ಬಂತು’ ಅನ್ನುತ್ತೀಯಲ್ಲ, ಅದೂ ಒಂದು ಕಾರಣ ಅಂತಿಟ್ಟುಕೊ.

ಭಾನುವಾರದ ಜಗಳ ಬರೆಯುವುದಿಲ್ಲ. ಊಟದ ಬಾಳೆಯ ಮುಂದಿಂದ ಎದ್ದಿದ್ದು ನೀನು, ದನಿ ಏರಿಸಿದ್ದು ನಾನು, ಅಷ್ಟು ಸಾಕು. ‘ನಿಂಗೆ ಇದೆಲ್ಲ ಗೊತ್ತಿಲ್ಲೆ ಅಪ್ಪಯ್ಯ, ಅಲ್ಲಿ ಒಂದು ನಿಮಿಷ ನಿಂತರೆ ತುಳ್ಕಂಡು ಹೋಗ್ತ’ ಎಂದೆಯಲ್ಲ, ಆ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ನನಗೆ ಗೊತ್ತಿಲ್ಲದೆ ಏನು? ಈ ಗಡಿಬಿಡಿಯನ್ನು ನಿನಗೆ ಬೆಂಗಳೂರು ಕಲಿಸಿದ್ದು ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಅಲ್ಲ. ಕಲಿಸಿದ್ದು ನಾನು.

ಸಂಕದ ಚಪ್ಪಲಿ ನಿನಗೆ ನೆನಪಿದೆಯೋ ಇಲ್ಲವೋ. ನೀನು ಮೂರನೇ ಕ್ಲಾಸು. ಆಗ ಸಂಕ ಎಂದರೆ ಹಳ್ಳದ ಮೇಲೆ ಅಡಿಕೆ ಮರ ಸೀಳಿದ ಎರಡು ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು. ವಾರವಿಡೀ ಹೊಡೆದ ಮಳೆ ಅಂದು ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಆಗಲೇ ಬಂದು ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದ. ಪಕ್ಕದ ತೋಟಕ್ಕೆ ಕೊಳೆರೋಗ ಬಂದಿತ್ತು, ನಮ್ಮದಕ್ಕಿನ್ನೂ ಮದ್ದು ಹೊಡೆದಿರಲಿಲ್ಲ. ಕೊಳೆ ಹಿಡಿದರೆ ಅಡಿಕೆಯೆಲ್ಲ ಮರದ ಬುಡದಲ್ಲಿ, ಸೊಸೈಟಿಯ ಸಾಲ ತಲೆಯ ಮೇಲೆ. ನಿನ್ನನ್ನು 8.10ರ ಬಸ್ಸಿಗೆ ಹತ್ತಿಸಿ ಓಡಿ ಬರಬೇಕು.

ನೀನು ಸಂಕದ ನಡುವೆ ನಿಂತುಬಿಟ್ಟೆ. ‘ಅಪ್ಪಯ್ಯ, ಇಲ್ನೋಡು’ ಎಂದೆ. ನಾನು ನೋಡಲಿಲ್ಲ. ‘ಬಡಬಡ ನಡಿ’ ಎಂದು ರಟ್ಟೆ ಹಿಡಿದು ಎಳೆದೆ. ಎಡಗಾಲಿನ ಚಪ್ಪಲಿ ದಬ್ಬೆಯ ಸಂದಿಗೆ ಸಿಕ್ಕಿ ಹಳ್ಳಕ್ಕೆ ಬಿತ್ತು. ಹೊಸದು ತಂದರಾಯ್ತು ನಡಿ ಎಂದೆ. ನೀನು ಅಳಲಿಲ್ಲ. ಇನ್ನೊಂದನ್ನೂ ಬಿಚ್ಚಿ, ಲಂಗಕ್ಕೆ ಒರೆಸಿ, ಪಾಟಿಚೀಲದೊಳಗೆ ಪುಸ್ತಕದ ಪಕ್ಕ ಇಟ್ಟುಕೊಂಡೆ. ಬಸ್ಸು ಅಂದು ಬಂದಿದ್ದು ಎಂಟೂವರೆಗೆ! ಇಪ್ಪತ್ತು ನಿಮಿಷ ನೀನು ಜಲ್ಲಿಕಲ್ಲಿನ ಮೇಲೆ, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ನಿಂತಿದ್ದೆ. ನಾನು ವಾಚು ನೋಡುತ್ತಿದ್ದೆ. ಸಂಕ ಅಲ್ಲಿಂದ ಐದು ನಿಮಿಷದ ದಾರಿ. ಹೋಗಿ ಹುಡುಕಬಹುದಿತ್ತು.

ಬಂದು ಮದ್ದು ಕಲಸಿದೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಮಟ್ಟದಲ್ಲಿ ಇಳಿಬಿಟ್ಟರೆ ಅದು ತನ್ನಷ್ಟಕ್ಕೆ ಕರಗಿ ನೀಲಿಯಾಗಿ ಕೆಳಗಿಳಿಯುತ್ತದೆ. ಸುಣ್ಣದ್ದು ಬೇರೆ ಡ್ರಮ್ಮು. ಎರಡೂ ಬೆರೆತ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು, ಕತ್ತಿ ಕೆಂಪಗಾದರೆ ಸುಣ್ಣ ಸಾಲದು. ನನ್ನಪ್ಪ ಕಲಿಸಿದ್ದು. ಅಂದು ಕತ್ತಿ ಅದ್ದಲೂ ನನಗೆ ಪುರುಸೊತ್ತಿಲ್ಲ. ಹತ್ತೂವರೆಗೆ ಜಡಿಮಳೆ ಬಂದು ಹೊಡೆದದ್ದನ್ನೆಲ್ಲ ತೊಳೆದುಕೊಂಡು ಹೋಯಿತು. ಆ ವರ್ಷ ಕೊಳೆ ಬಂತು. ನನ್ನ ಅವಸರಕ್ಕೇ ಬಂತು ಅನ್ನಲಾರೆ, ನಿಧಾನ ಮಾಡಿದವರ ತೋಟಕ್ಕೂ ಬಂದಿತ್ತು.

ನೋಡು, ಪುಟ ತುಂಬ ಚಪ್ಪಲಿಯೇ ಆಯಿತು. ಹೇಳಬೇಕಾದ್ದು ಬೇರೆ ಇದೆ.

ಪೇಪರಿನಿಂದ ಒಂದು ತುಣುಕು ಕತ್ತರಿಸಿಟ್ಟಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2021ರಲ್ಲಿ ಹೇಳಿದ್ದು: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಲಕ್ವ ಹೊಡೆಯುವ ಸಂಭವ ಶೇ 35ರಷ್ಟು ಜಾಸ್ತಿ. ಅಡಿಕೆ ಲೆಕ್ಕದ ಪುಸ್ತಕದ ಹಿಂದೆ ನಿನ್ನ ಲೆಕ್ಕ ಹಾಕಿದೆ. ಬೆಳಿಗ್ಗೆ 9ರಿಂದ ರಾತ್ರಿ 8, ಐದು ದಿನ. ಸರಿಯಾಗಿ 55. ಶನಿವಾರದ್ದು, ರಾತ್ರಿ ಹನ್ನೊಂದರ ಮೀಟಿಂಗಿನದು, ಟ್ರಾಫಿಕ್ಕಿನದು ಅದರಲ್ಲಿ ಇಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಫೋನು ಮುಟ್ಟಬೇಡ. ಉಣ್ಣುವಾಗ ಕೂತು ಉಣ್ಣು. ಬಿಪಿ ಗುಳಿಗೆಯನ್ನು ನೀನೇ ನಿಲ್ಲಿಸಬೇಡ. ರಾತ್ರಿ ಒಂಬತ್ತಾದ ಮೇಲೆ ಯಾರೇ ಕರೆದರೂ... ಇರಲಿ. ಉಪದೇಶ ಮಾಡುವುದಿಲ್ಲ ಅಂತ ಆಯಿಗೆ ಮಾತು ಕೊಟ್ಟು ಬರೆಯಲು ಕೂತವನು ನಾನು.

ಕೆಲಸ ಬಿಟ್ಟು ಬಾ ಅನ್ನುವ ಬಾಯಿ ನನಗೆಲ್ಲಿದೆ? ಸೊಸೈಟಿಯ ಸಾಲ ತೀರಿದ್ದು ನಿನ್ನ ಸಂಬಳದಲ್ಲಿ. ಆಯಿಗೆ ಹುಷಾರಿಲ್ಲದಾಗ ಬೆಂಗಳೂರಿಂದ ಬಂದವಳು ಒಂದು ಲೋಟ ಕಷಾಯ ಕುಡಿದು, ಅದೇ ರಾತ್ರಿ ದೇವಿಮನೆ ಘಟ್ಟ ಇಳಿಸಿ ಮಣಿಪಾಲ ಮುಟ್ಟಿಸಿದೆ. ಅದನ್ನು ನಾನು ಇವತ್ತಿಗೂ ಹೋದಲ್ಲಿ ಬಂದಲ್ಲಿ ಹೇಳುತ್ತೇನೆ, ಕೇಳಿದವರಿಗೆ ಬೇಜಾರು ಬಂದಿದೆ. ನಿನ್ನ ಓಟದ ದುಡ್ಡು ಉಂಡು ನಿನಗೆ ಓಡಬೇಡ ಅನ್ನುವುದು ಹೇಗೆ ಅಂತ ಗೊತ್ತಾಗದೆಯೇ ಭಾನುವಾರ ಕೂಗಾಡಿದ್ದು. ತಪ್ಪಾಯಿತು. ಈಗ ಸಾಲವಿಲ್ಲ ಕೂಸೇ. ಎರಡು ತಿಂಗಳು ನೀನು ಸಂಬಳವಿಲ್ಲದೆ ಕೂತರೂ ಈ ಮನೆಯಲ್ಲಿ ಯಾರ ಅನ್ನವೂ ಕಮ್ಮಿಯಾಗುವುದಿಲ್ಲ. ರಜೆ ಕೇಳಿ ನೋಡು. ಕೊಡದಿದ್ದರೆ ಆಮೇಲೆ ಯೋಚಿಸುವ.

ಇನ್ನೊಂದು. ಆ ಚಪ್ಪಲಿ ಸಿಕ್ಕಿತ್ತು. ಮಳೆಗಾಲ ಮುಗಿದು ಕಾಲುವೆ ಬಿಡಿಸುವಾಗ ಕೇದಗೆ ಹಿಂಡಲಿನ ಬೇರಿಗೆ ಸಿಕ್ಕಿಕೊಂಡಿತ್ತು, ಪಟ್ಟಿ ಕೂಡ ಹರಿದಿರಲಿಲ್ಲ. ಮನೆಗೆ ತಂದರೆ ಎಲ್ಲಿ ಸಿಕ್ಕಿತು, ಹೇಗೆ ಬಿತ್ತು ಅಂತ ಆಯಿ ಕೇಳುತ್ತಾಳೆ. ಗೊಬ್ಬರದ ಗುಂಡಿಯ ಆಚೆ ಎಸೆದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅಂದು ಸಂಕದ ಕೆಳಗೆ ಏನು ಕಂಡಿದ್ದೆ? ಏಡಿಯೋ, ಮೀನೋ? ನೆನಪಿದ್ದರೆ ಬರೆ.

ಪಕ್ಕದ ಮನೆ ಮಾಣಿ ಶನಿವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾನೆ. ಈ ಕಾಗದವನ್ನೂ ಒಂದು ಬಾಟಲಿ ಅಪ್ಪೆಮಿಡಿಯನ್ನೂ ಅವನ ಕೈಲಿ ಕೊಡುತ್ತೇನೆ. ಅಪ್ಪೆಹುಳಿ ಮಾಡಿಕೊಂಡು ಕುಡಿದು ಮಲಗು, ನಿದ್ದೆ ತಾನಾಗಿ ಬರುತ್ತದೆ. ಬಸ್ಸು ಮೆಜೆಸ್ಟಿಕ್ಕಿಗೆ ಬೆಳಗಿನ ಜಾವವೇ ಮುಟ್ಟುತ್ತದೆ. ಓಡಿಕೊಂಡು ಬರಬೇಡ. ಎಷ್ಟು ಹೊತ್ತಾದರೂ ಕಾಯಲು ಅವನಿಗೆ ಹೇಳಿದ್ದೇನೆ.

ನಿನ್ನ
ಅಪ್ಪಯ್ಯ