ಅಳತೆ ತಪ್ಪುತ್ತದೆಯಂತೆ!

ಮಾನ್ಯ ಸಂಪಾದಕರೇ,

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಪ್ಯಾಂಟುಗಳಿಗೆ ಜೇಬು ಕೂರಿಸುತ್ತಿದ್ದೇನೆ. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ನಮಗೆ ಚಹಾ ಬರುತ್ತದೆ. ಬರುವುದು ತೆಳ್ಳನೆಯ ಪ್ಲಾಸ್ಟಿಕ್ ಕವರಿನಲ್ಲಿ, ಬಾಯಿಗೆ ದಾರ ಬಿಗಿಸಿಕೊಂಡು. ಬಿಸಿಗೆ ಕವರು ಮೆತ್ತಗಾಗಿ ಬೆರಳಿಗೆ ಅಂಟುವಂತಿರುತ್ತದೆ. ಗಂಟು ಬಿಚ್ಚುವ ತಾಳ್ಮೆ ನಮಗಿಲ್ಲ. ನೂಲು ತುಂಡರಿಸುವ ಕತ್ತರಿಯಿಂದಲೇ ಮೂಲೆ ಕತ್ತರಿಸಿ ಕಾಗದದ ಕಪ್ಪುಗಳಿಗೆ ಸುರಿಯುತ್ತೇವೆ. ಕತ್ತರಿಸಿದ ಚೂರು ಎಷ್ಟೋ ಸಲ ಕಪ್ಪಿನಲ್ಲೇ ತೇಲುತ್ತದೆ. ಅದನ್ನು ಬೆರಳಿನಿಂದ ತೆಗೆದು ಬಿಸಾಡಿ ಚಹಾ ಕುಡಿಯುತ್ತೇವೆ. ಕಣ್ಣಿಗೆ ಕಾಣುವ ಚೂರಾದ್ದರಿಂದ ತೆಗೆದೆವು, ಸರಿ. ಕಾಣದ್ದನ್ನು?

ಆ ಕಪ್ಪು ಕೂಡ ಬರೀ ಕಾಗದದ್ದಲ್ಲ ಎಂದು ಪಿಯುಸಿ ಓದುವ ಮಗಳು ಹೇಳಿದಾಗ ನಾನು ನಂಬಿರಲಿಲ್ಲ. ಒಂದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಸುಲಿದು ತೋರಿಸಿದಳು. ಒಳಮೈಯಿಂದ ಹಾವಿನ ಪೊರೆಯಂಥ ಹಾಳೆ ಕಿತ್ತು ಬಂತು. ಖರಗ್‌ಪುರದ ಐಐಟಿಯವರು 2020ರಲ್ಲಿ ಪರೀಕ್ಷಿಸಿದ್ದು ಇಂಥ ಕಪ್ಪುಗಳನ್ನೇ. 85-90 ಡಿಗ್ರಿ ಬಿಸಿಯ 100 ಮಿಲಿಲೀಟರ್ ದ್ರವ ಅದರಲ್ಲಿ ಕಾಲು ಗಂಟೆ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಟ್ಟುಕೊಳ್ಳುತ್ತವೆಯಂತೆ. ಅವು ದೇಹಕ್ಕೆ ಮಾಡುವ ಹಾನಿಯ ಬಗ್ಗೆ ಸಂಶೋಧನೆ ಇನ್ನೂ ನಡೆಯುತ್ತಿದೆ. ನಡೆಯಲಿ, ಆದರೆ ಅಲ್ಲಿಯವರೆಗೆ ದಿನಕ್ಕೆರಡು ಸಲ ಪ್ರಯೋಗ ನಮ್ಮ ಹೊಟ್ಟೆಯ ಮೇಲೇಕೆ?

ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸುವುದಾಗಿ ಹೇಳಿತು. ಒಳ್ಳೆಯದೇ ಆಯಿತು. ಪ್ಲಾಸ್ಟಿಕ್ ಕೈಚೀಲಗಳಿಗಂತೂ 2016ರಿಂದಲೇ ನಿಷೇಧವಿದೆ. ಇಷ್ಟಾದರೂ ಒಲೆಯಿಂದ ಇಳಿಸಿದ ಚಹಾ ನೇರವಾಗಿ ಕವರಿಗೆ ಬೀಳುವುದು ಮಾತ್ರ ಯಾರ ಕಣ್ಣಿಗೂ ಬಿದ್ದಂತಿಲ್ಲ.

ಹೋದ ತಿಂಗಳು ನಾವು ಹನ್ನೆರಡು ಮಂದಿ ಹಣ ಕೂಡಿಸಿ ಎರಡು ಲೀಟರಿನ ಸ್ಟೀಲ್ ಫ್ಲಾಸ್ಕ್ ಕೊಂಡೆವು. ಹೋಟೆಲಿನವರು ಒಪ್ಪಲಿಲ್ಲ. “ಕವರಿಗೆ ಇಷ್ಟು ಅಂತ ಲೆಕ್ಕ ಅಕ್ಕಾ, ಫ್ಲಾಸ್ಕಿಗೆ ಹಾಕಿದರೆ ಅಳತೆ ತಪ್ಪುತ್ತದೆ” ಎಂದರು. ಬಹಳ ಹೇಳಿದ ಮೇಲೆ, ಕವರಿಗೆ ತುಂಬಿ, ಕವರಿನಿಂದ ಫ್ಲಾಸ್ಕಿಗೆ ಸುರಿದುಕೊಟ್ಟರು!

ಆಹಾರ ಸುರಕ್ಷತಾ ಅಧಿಕಾರಿಗಳು ತಪಾಸಣೆಗೆ ಬಂದಾಗ ಅಡುಗೆಮನೆಯ ಜೊತೆಗೆ ಪಾರ್ಸೆಲ್ ಕಟ್ಟುವ ಜಾಗವನ್ನೂ ನೋಡಬೇಕು. ಪಾತ್ರೆ ತಂದವರಿಗೆ ಅಳೆದುಕೊಡಲು ಪ್ರತಿ ಚಹಾ ಅಂಗಡಿಯಲ್ಲೂ ಸ್ಟೀಲಿನ ಅಳತೆ ಲೋಟವೊಂದನ್ನು ಇಡಿಸಬೇಕು. ಮನೆಮನೆಗೆ ಹಾಲು ಹಾಕುವವರ ಕೈಯಲ್ಲಿ ಅದು ಮೊದಲಿನಿಂದಲೂ ಇದೆ. ಕುಡಿಯುವ ಲೋಟಗಳನ್ನು ನಾವೀಗ ಮನೆಯಿಂದಲೇ ತರುತ್ತಿದ್ದೇವೆ. ಫ್ಲಾಸ್ಕ್ ಮಾತ್ರ ನನ್ನ ಯಂತ್ರದ ಪಕ್ಕ ಖಾಲಿ ಕೂತಿದೆ.

– ಹೊಲಿಗೆ ಕಾರ್ಮಿಕೆ, ಕೌಲ್ ಬಜಾರ್, ಬಳ್ಳಾರಿ