ಕೇಳಿದ್ದು ಸಿಗದ ವರ್ಷಕ್ಕೊಂದು ಕೃತಜ್ಞತೆ

ನಮ್ಮವರು, ಅಂದರೆ ನನ್ನ ಗಂಡ, ತೀರಿಕೊಂಡು ವರ್ಷವಾದದ್ದರ ಪೂಜೆ ಡಿಸೆಂಬರ್ ಮೊದಲ ವಾರದಲ್ಲಿ ಮುಗಿಯಿತು. ಅದರ ಬೆನ್ನಿಗೇ ಕ್ರಿಸ್‌ಮಸ್ಸೂ ಬಂದು ಹೋಯಿತು. ಎರಡಕ್ಕೂ ಬಂದು ಜೊತೆಗಿದ್ದವರಿಗೆ ಅವತ್ತು ಬಾಯಿಬಿಟ್ಟು ಏನೂ ಹೇಳಲಾಗಲಿಲ್ಲ. ನಾಲ್ಕು ಮಾತಾಡಿ ಅಂತ ಫಾದರ್ ಮೈಕ್ ಕೊಟ್ಟರೂ ಕೈ ಮುಗಿದು ಕೂತುಬಿಟ್ಟೆ. ಆಗ ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನದು. ನಮ್ಮವರ ಲಿವರ್ ಪೂರ್ತಿ ಕೆಟ್ಟಿತ್ತು. ಬದಲಿ ಲಿವರ್ ಹಾಕದೆ ಬೇರೆ ದಾರಿ ಇಲ್ಲ ಅಂದರು ಡಾಕ್ಟರು. ಮನೆಯವರಲ್ಲಿ ಯಾರದ್ದೂ ಹೊಂದಲಿಲ್ಲ. ನಮ್ಮ ರಾಜ್ಯದಲ್ಲಿ ಅಂಗಾಂಗ ದಾನವನ್ನು ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾದೆವು. ಸಕಲೇಶಪುರದ ಕಡೆಯ ನಮ್ಮೂರಿನ ಚರ್ಚಿನಲ್ಲಿ ಪ್ರತಿ ಶುಕ್ರವಾರ ಇವರ ಹೆಸರು ಹೇಳಿ ಪ್ರಾರ್ಥನೆ ನಡೆಯಿತು. ಪಕ್ಕದ ಊರಿನ ದೇವಸ್ಥಾನದಲ್ಲಿ ಇವರ ಸ್ನೇಹಿತರು ಅರ್ಚನೆ ಮಾಡಿಸಿದರು. ಇವರ ಜೊತೆ ಶಾಲೆಗೆ ಹೋದ ಸಾಬರು ದುವಾ ಮಾಡಿಸಿದರು. ಕೇಳುವುದರಲ್ಲಿ ಯಾರೂ ಕಡಿಮೆ ಮಾಡಲಿಲ್ಲ.

ಒಂದು ರಾತ್ರಿ ಬೆಂಗಳೂರಿನಿಂದ ಫೋನ್ ಬಂತು. ಲಿವರ್ ಸಿಕ್ಕಿದೆ, ತಕ್ಷಣ ಹೊರಡಿ, ಏನೂ ತಿನ್ನಿಸಬೇಡಿ. ಪಕ್ಕದ ತೋಟದ ಅಣ್ಣ ಜೀಪು ತೆಗೆದರು. ಬೆಳಗಿನ ಜಾವ ಆಸ್ಪತ್ರೆ ಸೇರಿದೆವು. ರಕ್ತ ತೆಗೆದರು, ಆಪರೇಷನ್ನಿನ ಗೌನ್ ಹಾಕಿಸಿದರು. ಆಮೇಲೆ ಡಾಕ್ಟರು ಬಂದು, ಆ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಇದೆ, ಹಾಕಿದರೆ ಕೆಲಸ ಮಾಡುವುದಿಲ್ಲ ಅಂದರು. ನಮ್ಮವರು ಗೌನ್ ಬಿಚ್ಚಿ ಶರ್ಟು ಹಾಕಿಕೊಂಡರು. ಕೈ ನಡುಗಿ ಗುಂಡಿ ಹಾಕಲು ಆಗಲಿಲ್ಲ, ನಾನು ಹಾಕಿದೆ. "ಈಗ ಕಾಫಿ ಕುಡಿಯಬಹುದು ಅಲ್ವಾ?" ಅಂದರು. ಮತ್ತೆ ಅಂಥ ಫೋನ್ ಬರಲಿಲ್ಲ.

ನನ್ನ ಮೊದಲ ಕೃತಜ್ಞತೆ ಆ ರಾತ್ರಿ ಲಿವರ್ ಕೊಟ್ಟ ಮನೆಯವರಿಗೆ. ಅವರು ಯಾರು, ಯಾವ ಊರು, ನಮಗೆ ತಿಳಿಸುವುದಿಲ್ಲ. ಅದು ನಿಯಮ. ಆದರೆ ನಾವು ಜೀಪಿನಲ್ಲಿ ಆಸೆ ಇಟ್ಟುಕೊಂಡು ಹೋಗುತ್ತಿದ್ದ ಹೊತ್ತಿಗೆ ಅವರ ಮನೆಯಲ್ಲಿ ಸಾವಾಗಿತ್ತು. ಆ ದುಃಖದಲ್ಲೂ ಯಾರೋ ಒಬ್ಬರು ಕಾಗದಕ್ಕೆ ಸಹಿ ಹಾಕಿದ್ದರು. ಅದು ನಮಗೆ ಆಗಿಬರಲಿಲ್ಲ, ನಿಜ. ಅವರು ಕೊಟ್ಟದ್ದು ಮಾತ್ರ ಸುಳ್ಳಲ್ಲ.

ಆ ವರ್ಷ ಇವರನ್ನು ಮಣ್ಣು ಮಾಡಿದ್ದು ಆಗಮನ ಕಾಲದಲ್ಲಿ. ಕ್ರಿಸ್‌ಮಸ್ಸಿಗೆ ಕಾಯುವ ದಿನಗಳು ಅವು. ಚರ್ಚಿನಲ್ಲಿ ಓದುವುದೆಲ್ಲ ಕಾದವರಿಗೆ ಸಿಕ್ಕ ಕಥೆಗಳೇ. ಮಕ್ಕಳಿಲ್ಲದ ಮುದುಕ ಜಕರೀಯನಿಗೆ ದೇವದೂತ ಬಂದು "ನಿನ್ನ ಪ್ರಾರ್ಥನೆ ಕೇಳಿಸಿದೆ" ಅನ್ನುತ್ತಾನೆ. ಅವನ ಹೆಂಡತಿ ಎಲಿಸಬೇತಳ ಮಡಿಲು ತುಂಬುತ್ತದೆ. ಅಕ್ಕಪಕ್ಕದವರೆಲ್ಲ ಬಂದು ಸಂತೋಷಪಡುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತು ಕೇಳುತ್ತಿದ್ದೆ. ಅವರಿಗೆ ಸಿಕ್ಕಿತು, ನಮಗೆ ಸಿಗಲಿಲ್ಲ. ಅಷ್ಟೇ ಕಿವಿಗೆ ಬೀಳುತ್ತಿತ್ತು.

ಫೆಬ್ರವರಿ 2ಕ್ಕೆ ಬಾಲಯೇಸುವನ್ನು ಜೆರುಸಲೇಮಿನ ದೇವಾಲಯದಲ್ಲಿ ಅರ್ಪಿಸಿದ ಹಬ್ಬ. ಕ್ರಿಸ್‌ಮಸ್ ದಿನದಿಂದ ಎಣಿಸಿದರೆ ನಲವತ್ತನೇ ದಿನ, ಚರ್ಚಿನಲ್ಲಿ ಮೇಣದಬತ್ತಿಗಳನ್ನು ಮಂತ್ರಿಸುವ ದಿನ. ಹೆತ್ತ ತಾಯಿಯ ಶುದ್ಧೀಕರಣಕ್ಕೆ ಒಂದು ಕುರಿಮರಿ, ಒಂದು ಪಾರಿವಾಳ ಕೊಡಬೇಕು ಅಂತ ಮೋಶೆಯ ನಿಯಮ. ಕೈಲಾಗದ ಬಡವರು ಎರಡು ಪಾರಿವಾಳ ಕೊಟ್ಟರೆ ಸಾಕು. ಮರಿಯ ಮತ್ತು ಜೋಸೆಫ್ ಈ ಬಡವರ ಕಾಣಿಕೆಯನ್ನೇ ಕೊಟ್ಟರು ಅಂತ ಬೈಬಲಿನಲ್ಲಿ ಯೇಸುವಿನ ಕಥೆ ಬರೆದವರಲ್ಲಿ ಒಬ್ಬನಾದ ಲೂಕ ಬರೆಯುತ್ತಾನೆ. ಅಲ್ಲಿ ಮುದುಕ ಸಿಮೆಯೋನ ಮಗುವನ್ನು ಎತ್ತಿಕೊಂಡು ಹಾಡುತ್ತಾನೆ. ಆ ಹಾಡು ಎಲ್ಲರಿಗೂ ಗೊತ್ತು. ಅವನ ಹಿಂದೆಯೇ ಒಬ್ಬಳು ಹೆಂಗಸು ಬರುತ್ತಾಳೆ. ಅನ್ನಾ. ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ಕ್ರಿಸ್‌ಮಸ್ಸಿಗೆ ಕಟ್ಟುವ ನಮ್ಮ ಗೋದಲಿಯ ಗೊಂಬೆಗಳಲ್ಲಿ ಕುರುಬರಿದ್ದಾರೆ, ಮೂವರು ರಾಯರಿದ್ದಾರೆ, ಎತ್ತು ಕತ್ತೆ ಇವೆ. ಅನ್ನಾ ಇಲ್ಲ. ಅವಳಿಗೆ ಸಿಕ್ಕಿರುವುದು ಮೂರೇ ವಚನ. ಅವಳಾಡಿದ ಒಂದು ಮಾತನ್ನೂ ಲೂಕ ಬರೆದಿಲ್ಲ.

ಆದರೆ ಅವಳ ಬದುಕನ್ನು ಬರೆದಿದ್ದಾನೆ. ಆಶೇರ್ ಕುಲದ ಫನುವೇಲನ ಮಗಳು. ಮದುವೆಯಾಗಿ ಗಂಡನ ಜೊತೆ 7 ವರ್ಷ ಬಾಳಿದಳು. ಆಮೇಲೆ ವಿಧವೆ. ಈಗ 84 ವರ್ಷ. ದೇವಾಲಯ ಬಿಟ್ಟು ಎಲ್ಲಿಗೂ ಹೋದವಳಲ್ಲ, ಹಗಲೂ ರಾತ್ರಿ ಉಪವಾಸ, ಪ್ರಾರ್ಥನೆ. ಎಷ್ಟೋ ವರ್ಷ ಆ ಪಾಠ ಕೇಳಿದ್ದೆ. ಆ ದಿನ "7 ವರ್ಷ" ಅಂದದ್ದು ನೆಟ್ಟಗೆ ಎದೆಗೆ ಬಂತು.

ಮನೆಗೆ ಬಂದು ಬೈಬಲ್ ತೆಗೆದು ಮತ್ತೆ ಓದಿದೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಕಾಲ ಲೆಕ್ಕ ಹಾಕದೆ ಇರಲಾಗಲಿಲ್ಲ. ಯೇಸು ಹುಟ್ಟಿದ್ದು ಯೆಹೂದ್ಯರ ರಾಜ ಹೆರೋದ ಸಾಯುವ ಮುಂಚೆ, ಅಂದರೆ ಕ್ರಿ.ಪೂ. 5ರ ಆಸುಪಾಸು. ಅನ್ನಾಳಿಗೆ ಆಗ 84 ಅಂದರೆ ಅವಳು ಹುಟ್ಟಿದ್ದು ಕ್ರಿ.ಪೂ. 89ರ ಹತ್ತಿರ. ಆ ಕಾಲದ ಹುಡುಗಿಯರ ಹಾಗೆ ಹದಿಮೂರು ಹದಿನಾಲ್ಕಕ್ಕೆ ಮದುವೆಯಾಗಿದ್ದರೆ ಇಪ್ಪತ್ತೊಂದರ ಹೊತ್ತಿಗೆ ಗಂಡನನ್ನು ಕಳೆದುಕೊಂಡಳು. ಇನ್ನೂ ಇಪ್ಪತ್ತಾರು ಇಪ್ಪತ್ತೇಳು ವಯಸ್ಸು ಅನ್ನುವಾಗ, ಕ್ರಿ.ಪೂ. 63ರಲ್ಲಿ, ರೋಮಿನ ಸೇನಾಪತಿ ಪಾಂಪೆ ಜೆರುಸಲೇಮಿಗೆ ಮುತ್ತಿಗೆ ಹಾಕಿದ. ದೇವಾಲಯದ ಅಂಗಳದಲ್ಲೇ ರಕ್ತ ಹರಿಯಿತು. ಮಹಾಯಾಜಕನೊಬ್ಬನೇ ವರ್ಷಕ್ಕೊಂದು ದಿನ ಕಾಲಿಡುವ ಅತಿ ಪವಿತ್ರ ಸ್ಥಳಕ್ಕೆ ಆ ಪರದೇಶಿ ಸುಮ್ನೆ ನಡೆದುಹೋದ. ಕ್ರಿ.ಪೂ. 37ರಲ್ಲಿ ಮತ್ತೆ ಮುತ್ತಿಗೆ. ರೋಮನ್ ಸೈನ್ಯ ಕಟ್ಟಿಕೊಂಡು ಬಂದ ಹೆರೋದ ರಾಜನಾದ. ಕ್ರಿ.ಪೂ. 20ರ ಸುಮಾರಿಗೆ ಅದೇ ಹೆರೋದ ದೇವಾಲಯವನ್ನು ಹೊಸದಾಗಿ ಕಟ್ಟಿಸತೊಡಗಿದ. ಇನ್ನು ಅವಳ ಆಶೇರ್ ಕುಲ? ಇಸ್ರಯೇಲಿನ ಉತ್ತರದ ಹತ್ತು ಕುಲಗಳಲ್ಲಿ ಒಂದು. ಕ್ರಿ.ಪೂ. 722ರಲ್ಲಿ ಅಸ್ಸೀರಿಯದವರು ಆ ರಾಜ್ಯವನ್ನೇ ಮುಗಿಸಿ ಜನರನ್ನು ಸಾಗಿಸಿಬಿಟ್ಟಿದ್ದರು.

ಗಂಡ ಹೋದ. ಕುಲ ಚದುರಿತು. ಊರು ಪರರ ಪಾಲಾಯಿತು. ಅರವತ್ತು ವರ್ಷಕ್ಕೂ ಜಾಸ್ತಿ ಅವಳು ಪ್ರಾರ್ಥನೆ ಮಾಡಿದಳಲ್ಲ, ಅದರಲ್ಲಿ ಎಷ್ಟು ಈಡೇರಿತ್ತು? ಅಂಥವಳು ನಲವತ್ತು ದಿನದ ಒಂದು ಬಡ ಕೂಸನ್ನು ನೋಡಿ ದೇವರಿಗೆ ಕೃತಜ್ಞತೆ ಸಲ್ಲಿಸಿದಳು. ಜೆರುಸಲೇಮಿನ ಬಿಡುಗಡೆಗಾಗಿ ಕಾಯುತ್ತಿದ್ದವರಿಗೆಲ್ಲ ಆ ಮಗುವಿನ ವಿಷಯ ಹೇಳುತ್ತಾ ಹೋದಳು. ಆ ಮಗು ದೊಡ್ಡವನಾಗುವುದನ್ನು ನೋಡಲು 84ರ ಅವಳು ಉಳಿದಿರುವುದು ಕಷ್ಟ. ಬಿಡುಗಡೆಯೂ ಅವರು ಅಂದುಕೊಂಡ ಹಾಗೆ ಬರಲಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನೇ ಸುಟ್ಟು ಕೆಡವಿದರು. ಲೂಕ ತನ್ನ ಶುಭಸಂದೇಶ ಬರೆದದ್ದು ಅದಾದ ಮೇಲೆ ಅಂತ ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ, ಅವಳು ಕೂರುತ್ತಿದ್ದ ಜಾಗ ಬೂದಿಯಾಗಿದೆ ಅಂತ ಗೊತ್ತಿದ್ದೇ ಅವನು ಅವಳ ಕೃತಜ್ಞತೆಯನ್ನು ಬರೆದಿಟ್ಟ. ಅದೇ ಪುಸ್ತಕದ ಕೊನೆಯಲ್ಲಿ ಯೇಸು ಶಿಲುಬೆಯ ಮೇಲೆ ಸತ್ತ ಮೇಲೆ ಎಮ್ಮಾವುಸ್ ಎಂಬ ಊರಿನ ದಾರಿ ಹಿಡಿದ ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ಹೇಳುತ್ತಾರೆ: ಇಸ್ರಯೇಲನ್ನು ಬಿಡಿಸುವವನು ಅವನೇ ಅಂತ ನಾವು ನಂಬಿಕೊಂಡಿದ್ದೆವು. ಆ ನಿರಾಸೆಯ ಮಾತನ್ನೂ ಲೂಕ ಅಳಿಸಲಿಲ್ಲ.

ಅಲ್ಲಿಂದ ನನಗೆ ಒಂದು ಗಟ್ಟಿಯಾಯಿತು. ಕೇಳಿದ್ದು ಸಿಕ್ಕಿತು ಅಂತ ರಸೀದಿ ಬರೆದುಕೊಡುವ ಹಾಗಲ್ಲ ಕೃತಜ್ಞತೆ. ಅನ್ನಾಳ ಗಂಡ ವಾಪಸ್ ಬರಲಿಲ್ಲ. ಆದರೂ ಅವಳ ಬಾಯಲ್ಲಿ ದೇವರಿಗೆ ಕೃತಜ್ಞತೆ ಇತ್ತು, ಮತ್ತು ಅದು ನಟನೆ ಆಗಿರಲಿಲ್ಲ. ನಾನು ಈ ವರ್ಷ ಹಿಡಿದುಕೊಂಡು ನಡೆದದ್ದು ಇವಳ ಕೈಯನ್ನು.

ಈಗ ನಿಮ್ಮೆಲ್ಲರ ವಿಷಯ.

ನಮ್ಮವರು ಹೋದದ್ದು ಸರಿಯಾಗಿ ಅರೇಬಿಕಾ ಕಾಫಿ ಕುಯ್ಲಿನ ಹೊತ್ತಿಗೆ. ಗಿಡದ ತುಂಬ ಹಣ್ಣು ಕೆಂಪಾಗಿ ನಿಂತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಎಲ್ಲ ಉದುರಿ ಮಣ್ಣುಪಾಲು. ಆಳು ಸಿಗದ ಕಾಲದಲ್ಲಿ ಅಕ್ಕಪಕ್ಕದ ತೋಟದವರು ತಮ್ಮ ಕುಯ್ಲು ನಿಲ್ಲಿಸಿ ನಮ್ಮ ತೋಟಕ್ಕೆ ಆಳು ಕಳಿಸಿದರು. ಹಣ್ಣು ಬಿಡಿಸಿ, ಕಣದಲ್ಲಿ ಹರವಿ, ದಿನವೂ ಕೈಯಾಡಿಸಿದರು. ಸಂಜೆ ಮಂಜು ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಮುಚ್ಚುವುದಕ್ಕೆ ಯಾರಾದರೂ ಬಂದೇ ಬರುತ್ತಿದ್ದರು. ಕೊನೆಗೆ ಮೂಟೆ ಹಾಕಿ ಮಾರಿ, ತೂಕದ ಚೀಟಿಯನ್ನೂ ದುಡ್ಡನ್ನೂ ನಮ್ಮ ಅತ್ತೆಯ ಕೈಗೆ ಕೊಟ್ಟು ಹೋದರು. ಕೂಲಿ ಎಷ್ಟಾಯಿತು ಅಂತ ಕೇಳಿದರೆ ಇವತ್ತಿಗೂ ಹೇಳುತ್ತಿಲ್ಲ.

ಮೇಲಿನ ಮನೆಯ ಅಕ್ಕ. ಹೊಟ್ಟೆಯಲ್ಲಿ ನೀರು ತುಂಬುತ್ತಿದ್ದದ್ದರಿಂದ ಇವರಿಗೆ ಉಪ್ಪು ಬಹಳ ಕಡಿಮೆ ಕೊಡಬೇಕಿತ್ತು. ಸಪ್ಪೆ ಊಟ ಬಾಯಿಗೆ ಹತ್ತುತ್ತಿರಲಿಲ್ಲ. ಅಕ್ಕ ನಿಂಬೆಹುಳಿ, ಶುಂಠಿ, ಕರಿಬೇವು ಹಾಕಿ ಏನೇನೋ ಮಾಡಿ ತಾನೇ ಮೊದಲು ರುಚಿ ನೋಡಿ ತರುತ್ತಿದ್ದರು. ಕೊನೆಯ ತಿಂಗಳಲ್ಲಿ ಇವರು ಇಷ್ಟಪಟ್ಟು ತಿಂದದ್ದು ಅಂದರೆ ಆ ಸಾರೊಂದೇ. ಅಕ್ಕ, ನಿಮ್ಮ ಋಣ ದೊಡ್ಡದು.

ನಮ್ಮ ಶಾಲೆಯ ಮೇಷ್ಟ್ರುಗಳು, ಟೀಚರುಗಳು ನನ್ನ ಪಿರಿಯಡ್ಡುಗಳನ್ನು ಹಂಚಿಕೊಂಡರು. ಮಗಳನ್ನು ಓದಿಸಿದರು. ಆಸ್ಪತ್ರೆಯ ನರ್ಸಮ್ಮಂದಿರು ಇವರಿಗೆ ಪ್ರಜ್ಞೆ ತಪ್ಪುತ್ತಿದ್ದಾಗಲೂ ಹೆಸರು ಹಿಡಿದೇ ಮಾತಾಡಿಸಿದರು.

ಅಕ್ಟೋಬರಿನಲ್ಲಿ ನಾದಿನಿಯ ಮಗಳ ಮದುವೆ. ಅರಿಶಿನ ಹಚ್ಚುವ ಹೊತ್ತಿಗೆ ನಾನು ಅಡುಗೆಮನೆ ಸೇರಿದ್ದೆ. ಗಂಡ ಹೋದವಳು ಮುಂದೆ ನಿಲ್ಲಬಾರದು ಅಂತ ಯಾರೂ ಹೇಳಿರಲಿಲ್ಲ, ಆದರೂ ಕಾಲು ತಾನಾಗಿ ಆ ಕಡೆ ಹೋಗಿತ್ತು. ನಾದಿನಿ ಬಂದು ಕೈ ಹಿಡಿದು ಎಳೆದುಕೊಂಡು ಹೋದಳು. "ಅತ್ತಿಗೆ, ಮೊದಲು ನೀವೇ ಹಚ್ಚಬೇಕು" ಅಂದಳು. ಎಲ್ಲರೂ ಕಾದರು. ನಾನೇ ಹಚ್ಚಿದೆ. ವಿಧವೆಯೊಬ್ಬಳನ್ನು ದೇವಾಲಯದ ನಡುವೆ, ಮಗುವಿನ ಪಕ್ಕದಲ್ಲಿ ನಿಲ್ಲಿಸಿದ ಲೂಕನ ಕಥೆ ನನಗೆ ಆ ದಿನ ಪೂರ್ತಿ ಅರ್ಥವಾಯಿತು.

ಇನ್ನೂ ಒಂದು ಗುಂಪಿದೆ. ಬಂದು ಕೂತು, ಕಾರಣ ಹೇಳದೆ ಎದ್ದು ಹೋದವರು. "ದೇವರ ಚಿತ್ತ" ಅಂದವರ ಮೇಲೆ ನನಗೆ ಬೇಸರವಿಲ್ಲ, ಅವರೂ ಪ್ರೀತಿಯಿಂದಲೇ ಹೇಳಿದರು. ಆದರೆ ಸುಮ್ಮನೆ ಕೂತವರು ನನಗೆ ಹೆಚ್ಚು ಕೊಟ್ಟರು. ಹೆರೋದ ಬೆತ್ಲೆಹೇಮಿನ ಎಳೆಮಕ್ಕಳನ್ನು ಕೊಲ್ಲಿಸಿದ್ದನ್ನು ಬರೆದ ಮತ್ತಾಯ ಆ ತಾಯಂದಿರಿಗೆ ಸಮಾಧಾನದ ಒಂದು ಮಾತೂ ಹೇಳುವುದಿಲ್ಲ. ಇಸ್ರಯೇಲರ ಮೂಲತಾಯಿ ರಾಖೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಬೇಡ ಅನ್ನುತ್ತಾಳೆ ಎಂಬ ಹಳೆಯ ಪ್ರವಾದನೆಯನ್ನು ಅಲ್ಲಿಟ್ಟು ಮುಂದೆ ಹೋಗುತ್ತಾನೆ. ಕ್ರಿಸ್ತನ ಜನನದ ಕಥೆಯೊಳಗೇ ಆ ಅಳುವಿಗೆ ಜಾಗ ಇದೆ. ನೀವೂ ನಮ್ಮ ಮನೆಯಲ್ಲಿ ನಮ್ಮ ಅಳುವಿಗೆ ಜಾಗ ಬಿಟ್ಟಿರಿ. ವಯಸ್ಸಾದ ಸಿಸ್ಟರ್ ಒಬ್ಬರು ವಾರಕ್ಕೊಮ್ಮೆ ಬಂದು ಅತ್ತೆಯ ಜೊತೆ ಅವರೆಕಾಯಿ ಬಿಡಿಸಿ ಹೋಗುತ್ತಿದ್ದರು. ಮಾತು ಕಡಿಮೆ. ಅತ್ತೆ ಎದ್ದು ಓಡಾಡಲು ಶುರುಮಾಡಿದ್ದು ಆ ದಿನಗಳಲ್ಲೇ.

ಮಗಳಿಗೂ ಒಂದು ಮಾತು. ಈ ಸಲ ಗೋದಲಿ ಬೇಡ ಅಂದಿದ್ದೆ. ಅಪ್ಪ ಮಾಡುತ್ತಿದ್ದ ಹಾಗೇ ಅವಳು ತೆಂಗಿನ ಚಿಪ್ಪಿನಲ್ಲಿ ರಾಗಿ ಚೆಲ್ಲಿ ಪೈರು ಬರಿಸಿ, ಹುಲ್ಲಿನ ಮಾಡು ಕಟ್ಟಿ, ಒಬ್ಬಳೇ ಗೋದಲಿ ನಿಲ್ಲಿಸಿದಳು. ಚೆನ್ನಾಗಿತ್ತು ಪುಟ್ಟಿ.

ದೇವರಿಗೂ ಕೃತಜ್ಞತೆ ಹೇಳುತ್ತೇನೆ. ಯಾಕೆ ಹೀಗಾಯಿತು ಅಂತ ಇನ್ನೂ ಕೇಳುತ್ತಲೇ ಇದ್ದೇನೆ, ಮುಂದೆಯೂ ಕೇಳುತ್ತೇನೆ. ಎರಡನ್ನೂ ಒಂದೇ ಪ್ರಾರ್ಥನೆಯಲ್ಲಿ ಹೇಳಲು ಈಗ ನನಗೆ ಬರುತ್ತದೆ.

ಈ ಫೆಬ್ರವರಿ 2ರಂದು ಸಂಜೆ ನಮ್ಮ ಚರ್ಚಿನಲ್ಲಿ ಹಬ್ಬದ ಪೂಜೆ ಇದೆ. ಮೇಣದಬತ್ತಿಗಳು ನಮ್ಮ ಮನೆಯ ಕಡೆಯಿಂದ. ಪೂಜೆಯಾದ ಮೇಲೆ ಚರ್ಚ್ ಹಾಲ್‌ನಲ್ಲಿ ಎಲ್ಲರಿಗೂ ಊಟ. ಅಲ್ಲೇ ಒಂದು ಮೇಜು ಹಾಕಿ, ಅಂಗಾಂಗ ದಾನಕ್ಕೆ ಹೆಸರು ಬರೆಸುವವರಿಗೆ ಏರ್ಪಾಡು ಮಾಡಿದ್ದೇವೆ. ಅತ್ತೆಯೂ ನಾನೂ ಆಗಲೇ ಬರೆಸಿದ್ದೇವೆ. ಮನಸ್ಸಿದ್ದವರು ಆಧಾರ್ ಕಾರ್ಡ್ ತನ್ನಿ, ಮನೆಯವರಿಗೆ ಮೊದಲೇ ಹೇಳಿ ಬನ್ನಿ. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.