ನರ್ಸಿಂಗ್ ಸೇರುವ ಮುನ್ನ ಮಕ್ಕಳು ವಾರ್ಡ್ ನೋಡಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಹಂಚಿಕೆಯ ಮಾತು ಶುರುವಾದ ಕೂಡಲೇ ಬಿ.ಎಸ್‌ಸಿ ನರ್ಸಿಂಗ್ ಬಗ್ಗೆ ವಿಚಾರಿಸುವ ಪೋಷಕರ ಸಂಖ್ಯೆ ಹೆಚ್ಚುತ್ತದೆ. ಶುಲ್ಕ ಎಷ್ಟು, ಹಾಸ್ಟೆಲ್ ಇದೆಯೇ, ಓದು ಮುಗಿದ ಮೇಲೆ ಗಲ್ಫ್ ದೇಶಗಳಿಗೋ ಜರ್ಮನಿಗೋ ಹೋಗಲು ಸಾಧ್ಯವೇ ಎಂದು ಅವರು ಕೇಳುತ್ತಾರೆ. ಸಾಲ ಮಾಡಿ ಓದಿಸುವವರು ಇವನ್ನೆಲ್ಲ ಕೇಳುವುದು ನ್ಯಾಯವೇ. ಆದರೆ ಈ ಕೆಲಸ ತಮ್ಮ ಮಗುವಿಗೆ ಒಗ್ಗೀತೇ ಎಂದು ಕೇಳಿದ ಪೋಷಕರು, ನಾನು ನರ್ಸಿಂಗ್ ಬೋಧಕಿಯಾಗಿದ್ದ ಅವಧಿಯಲ್ಲಿ, ತೀರಾ ವಿರಳ.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಅಭ್ಯರ್ಥಿಗೆ 17 ವರ್ಷ ತುಂಬಿರಬೇಕು, ಪಿಯುಸಿಯಲ್ಲಿ ಭೌತ, ರಸಾಯನ ಹಾಗೂ ಜೀವಶಾಸ್ತ್ರಗಳೊಂದಿಗೆ ಇಂಗ್ಲಿಷ್ ಓದಿರಬೇಕು, ಸಾಮಾನ್ಯ ವರ್ಗದವರಿಗೆ ಶೇ 45 ಅಂಕ ಬಂದಿರಬೇಕು, ದೈಹಿಕ ಆರೋಗ್ಯ ಚೆನ್ನಾಗಿರಬೇಕು. ಇವು ಅಗತ್ಯವೇ, ವಿಜ್ಞಾನದ ಬುನಾದಿಯಿಲ್ಲದೆ ನಾಲ್ಕು ವರ್ಷಗಳ ಎಂಟು ಸೆಮಿಸ್ಟರ್ ದಾಟುವುದು ಕಷ್ಟ. ಆದರೆ ವಾರ್ಡಿನಲ್ಲಿ ನಿಂತಾಗ ಬೇಕಾಗುವ ಗುಣಗಳಲ್ಲಿ ಬಹುಪಾಲು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಮೊದಲು ಲೆಕ್ಕದ ವಿಷಯ. ಗಣಿತ ತಪ್ಪಿಸಿಕೊಳ್ಳಲೆಂದೇ ನರ್ಸಿಂಗ್ ಆರಿಸಿಕೊಳ್ಳುವ ಮಕ್ಕಳಿದ್ದಾರೆ. ಅರ್ಧ ಲೀಟರ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಮುಗಿಯಬೇಕು, ಹಾಕಿರುವ ಸೆಟ್ ಒಂದು ಮಿಲಿಲೀಟರಿಗೆ 20 ಹನಿ ಕೊಡುತ್ತದೆ ಎಂದರೆ, ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು ಎಂಬುದನ್ನು ಮಂಚದ ಪಕ್ಕದಲ್ಲೇ ಲೆಕ್ಕ ಹಾಕಬೇಕಾಗುತ್ತದೆ. ಇನ್ಸುಲಿನ್‌ನಲ್ಲಂತೂ ಅಪಾಯ ಇನ್ನೂ ಹತ್ತಿರದಲ್ಲಿದೆ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಸಾಮರ್ಥ್ಯದ ಔಷಧಗಳೆರಡೂ ಬಳಕೆಯಲ್ಲಿವೆ, ಅವುಗಳ ಸಿರಿಂಜುಗಳೂ ಬೇರೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ, 20 ಯೂನಿಟ್ ಸಲ್ಲಬೇಕಾದ ರೋಗಿಗೆ 50 ಯೂನಿಟ್ ಸೇರಿ, ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಲೆಕ್ಕವೇನೋ ಪ್ರಾಥಮಿಕ ಶಾಲೆಯ ಗುಣಾಕಾರ, ಭಾಗಾಕಾರವೇ. ಆದರೆ ಅದನ್ನು ರಾತ್ರಿ ಮೂರು ಗಂಟೆಗೆ, ಪಕ್ಕದ ಮಂಚದವರ ಬಂಧುಗಳು ಕೂಗಾಡುತ್ತಿರುವಾಗಲೂ ಅವಸರಪಡದೆ ಮಾಡಬೇಕು, ಮಾಡಿದ ಮೇಲೆ ಸಹೋದ್ಯೋಗಿಗೆ ತೋರಿಸಿ ಇನ್ನೊಮ್ಮೆ ನೋಡಿ ಎನ್ನಲು ಸಂಕೋಚಪಡಬಾರದು.

ನಾನು ಎಲ್ಲಕ್ಕಿಂತ ಮೇಲೆ ಇಡುವ ಗುಣ ಪ್ರಾಮಾಣಿಕತೆ. ರೋಗಿಯ ಉಸಿರಾಟವನ್ನು ಎದೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಇದಕ್ಕೆ ಗಡಿಯಾರ ಮತ್ತು ತಾಳ್ಮೆ ಬಿಟ್ಟರೆ ಬೇರೇನೂ ಬೇಡ. ಆದರೂ ಒಂದು ವಾರ್ಡಿನ ಎಲ್ಲ ರೋಗಿಗಳ ಚಾರ್ಟಿನಲ್ಲೂ ಸಾಲಾಗಿ 20, 20, 20 ಎಂದು ಬರೆದಿರುವುದನ್ನು ಈ ವೃತ್ತಿಯಲ್ಲಿರುವ ಯಾರೂ ನೋಡದೆ ಇರಲಾರರು. ರೋಗಿಯ ಸ್ಥಿತಿ ಬಿಗಡಾಯಿಸುವಾಗ ಎಷ್ಟೋ ಸಲ ರಕ್ತದೊತ್ತಡ ಇಳಿಯುವ ಮುನ್ನವೇ ಉಸಿರಾಟದ ವೇಗ ಏರಿರುತ್ತದೆ. ಎಣಿಸದೆ ಬರೆದ ಅಂಕಿ ಆ ಮುನ್ಸೂಚನೆಯನ್ನೇ ಅಳಿಸಿಹಾಕುತ್ತದೆ. ಅಂಗರಚನಾಶಾಸ್ತ್ರದಲ್ಲಿ ಫೇಲಾದ ವಿದ್ಯಾರ್ಥಿ ಮತ್ತೆ ಓದಿ ಪಾಸಾಗುತ್ತಾನೆ, ಆದರೆ ನೋಡದ್ದನ್ನು ನೋಡಿದೆನೆಂದು ಬರೆಯುವ ವಿದ್ಯಾರ್ಥಿಯ ಬಗ್ಗೆ ನನಗೆ ಯಾವಾಗಲೂ ಹೆಚ್ಚು ಆತಂಕ. ಔಷಧ ಕೊಡುವಲ್ಲಿ ತಪ್ಪಾದರೆ ಆ ಕ್ಷಣವೇ ಹೇಳುವ ಎದೆಗಾರಿಕೆಯೂ ಇದೇ ಗುಣಕ್ಕೆ ಸೇರಿದ್ದು. ತಪ್ಪೊಪ್ಪಿಕೊಂಡಾಗಲೆಲ್ಲ ಏಟು ತಿಂದು ಬೆಳೆದ ಮಗು ವಾರ್ಡಿನಲ್ಲಿ ಬಾಯಿ ಬಿಡುವುದಿಲ್ಲ ಎಂಬುದನ್ನು ಪೋಷಕರೂ, ವಿದ್ಯಾರ್ಥಿಗಳನ್ನು ರೋಗಿಗಳ ಎದುರಿಗೇ ಗದರಿಸುವ ನನ್ನಂಥ ಬೋಧಕರ ಪೀಳಿಗೆಯೂ ಯೋಚಿಸಬೇಕು.

ಮಲಮೂತ್ರ, ವಾಂತಿ, ಕೀವು ಕಂಡು ಹೇಸಿಕೊಳ್ಳುವುದನ್ನು ಅನೇಕರು ದೊಡ್ಡ ಅನರ್ಹತೆ ಎಂದು ಭಾವಿಸುತ್ತಾರೆ. ಮೊದಲ ವಾರಗಳಲ್ಲಿ ಓಕರಿಕೆ ಬಾರದವರು ಕಡಿಮೆ. ರೂಢಿಯಾದಂತೆ ಅದು ಹೋಗುತ್ತದೆ. ತಾನಾಗಿಯೇ ಹೋಗದಿರುವುದು ಯಾರ ಮೈ ಮುಟ್ಟಬಹುದು, ಯಾರದನ್ನು ಮುಟ್ಟಬಾರದು ಎಂದು ಮನೆಯಿಂದ ಹೊತ್ತು ತಂದ ಎಣಿಕೆ. ಜಾತಿ, ಧರ್ಮ ಕೇಳಿ ಕೈ ಹಿಂದೆಗೆಯುವವರು, ಎಚ್‌ಐವಿ ಸೋಂಕಿತರ ಅಥವಾ ಕುಷ್ಠರೋಗಿಯ ಹಾಸಿಗೆಯನ್ನು ಬೇರೆಯವರಿಗೆ ತಳ್ಳುವವರು ಎಷ್ಟೇ ಒಳ್ಳೆಯ ರ‍್ಯಾಂಕ್ ಪಡೆದಿದ್ದರೂ ಈ ವಿದ್ಯೆಗೆ ಬರಬಾರದು.

ಭಾಷೆಯ ಬಗ್ಗೆ ಕನ್ನಡ ಮಾಧ್ಯಮದ ಮಕ್ಕಳಿಗೆ ಅನಗತ್ಯ ಭಯವಿದೆ. ಇಂಗ್ಲಿಷ್ ಬೇಕು, ಏಕೆಂದರೆ ಪಠ್ಯ, ಕೇಸ್‌ಶೀಟ್, ಪಾಳಿ ಬದಲಾಗುವಾಗ ಒಪ್ಪಿಸುವ ವರದಿ ಎಲ್ಲವೂ ಅದರಲ್ಲೇ ಇರುತ್ತವೆ. ಆದರೆ ಮೊದಲ ಸೆಮಿಸ್ಟರಿನಲ್ಲೇ ಅದಕ್ಕೊಂದು ಪಠ್ಯವಿದೆ, ದುಡಿದರೆ ಬರುತ್ತದೆ. ರೋಗಿಯ ಮಾತನ್ನು ಅವರ ಧಾಟಿಯಲ್ಲೇ ಕೇಳಿಸಿಕೊಳ್ಳುವುದು ಅದಕ್ಕಿಂತ ಕಷ್ಟದ ವಿದ್ಯೆ. ನಮ್ಮ ಧಾರವಾಡ ಸೀಮೆಯ ಅಜ್ಜಿಯೊಬ್ಬರು ‘ಯಾಕೋ ಜೀವ ಕಸಿವಿಸಿ ಆಗಾಕತ್ತೈತಿ’ ಎಂದಷ್ಟೇ ಹೇಳಿ ಸುಮ್ಮನಾದರೆ, ಅದು ಹೃದಯಾಘಾತದ ಆರಂಭವೂ ಇರಬಹುದೆಂದು ಕಿವಿ ನಿಮಿರಬೇಕು. ಮಂಗಳೂರಿನ ವಾರ್ಡಿನಲ್ಲಿ ತುಳು, ಬ್ಯಾರಿ, ಕಲಬುರಗಿಯಲ್ಲಿ ದಖನಿ ಉರ್ದು ಕಿವಿಗೆ ಬೀಳುತ್ತವೆ. ಕೇರಳದಿಂದ ಬಂದು ಕೆಲವೇ ತಿಂಗಳಲ್ಲಿ ‘ನೋವು ಎಲ್ಲಿ ಅಮ್ಮಾ’ ಎಂದು ಕನ್ನಡದಲ್ಲಿ ಕೇಳಲು ಕಲಿತ ವಿದ್ಯಾರ್ಥಿನಿಯರನ್ನು ಕಂಡು ನಾನು ಹೆಮ್ಮೆಪಟ್ಟಿದ್ದೇನೆ.

ಗಂಟೆಗಟ್ಟಲೆ ನಿಲ್ಲುವ ಕಾಲು, ರೋಗಿಯನ್ನು ಮಗ್ಗುಲು ಬದಲಿಸುವ ಬೆನ್ನು, ರಾತ್ರಿ ಪಾಳಿ ತಡೆಯುವ ಮೈ ಬೇಕೆಂಬುದು ಎಲ್ಲರಿಗೂ ಗೊತ್ತು. ಇವು ಹುಡುಗರಿಗೂ ಹುಡುಗಿಯರಿಗೂ ಸಮಾನವಾಗಿ ಅನ್ವಯಿಸುವ ಮಾತುಗಳು.

ಇನ್ನು ಕರುಣೆ. ಶುಶ್ರೂಷೆ ಎಂದೊಡನೆ ತಾಯಿಯ ಹೃದಯ, ಸೇವಾ ಮನೋಭಾವ ಎಂದು ಭಾಷಣ ಮಾಡುವ ನಾವು ಅದೇ ಉಸಿರಿನಲ್ಲಿ ಕಡಿಮೆ ಸಂಬಳವನ್ನೂ ಸಮರ್ಥಿಸಿಬಿಡುತ್ತೇವೆ. ಇದು ನನಗೆ ನೋವಿನ ಸಂಗತಿ. ಕರುಣೆ ಬೇಕೇ ಬೇಕು. ಆದರೆ ಬರೆದಿರುವ ಡೋಸ್ ಹೆಚ್ಚೆನಿಸಿದಾಗ ಹಿರಿಯ ವೈದ್ಯರಿಗೆ ‘ಸರ್, ದಯವಿಟ್ಟು ಇನ್ನೊಮ್ಮೆ ನೋಡಿ’ ಎಂದು ಹೇಳುವ, ಉತ್ತರ ಬರುವವರೆಗೆ ಇಂಜೆಕ್ಷನ್ ಕೊಡದೆ ನಿಲ್ಲುವ ದೃಢತೆಯಿಲ್ಲದಿದ್ದರೆ ಆ ಕರುಣೆ ರೋಗಿಯನ್ನು ಕಾಪಾಡುವುದಿಲ್ಲ. ತಲೆ ತಗ್ಗಿಸಿಕೊಂಡಿರುವ ಹೆಣ್ಣುಮಕ್ಕಳು ನರ್ಸಿಂಗಿಗೆ ಸರಿ ಎಂಬ ಹಳೆಯ ನಂಬಿಕೆಯನ್ನು ನಾವು ಬಿಡಬೇಕು.

ಈ ಗುಣಗಳಲ್ಲಿ ಹಲವನ್ನು ತರಬೇತಿ ಬೆಳೆಸಬಲ್ಲದು, ತರಬೇತಿ ನಿಜವಾಗಿ ನಡೆದರೆ. ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ, ಪದವಿ ಪಡೆಯುವ ಮುನ್ನ ಪ್ರಾಯೋಗಿಕ ತರಬೇತಿಯಲ್ಲಿ ಶೇ 100 ಹಾಜರಾತಿ ಇರಬೇಕೆಂದು ಪರಿಷತ್ತು ವಿಧಿಸಿದೆ. ವಾರ್ಡಿನ ಹಾಜರಾತಿ ರಿಜಿಸ್ಟರಿನಲ್ಲಿ ಮಾತ್ರ ಇರುವ ಕಾಲೇಜುಗಳಿದ್ದರೆ, ಅಲ್ಲಿ ಎಂಥ ಯೋಗ್ಯ ವಿದ್ಯಾರ್ಥಿಯೂ ಹಾಳಾಗುತ್ತಾನೆ. ಆದ್ದರಿಂದ ಪೋಷಕರು ಕಾಲೇಜಿನ ಕಟ್ಟಡ ನೋಡುವ ಬದಲು, ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಎಷ್ಟು ಹಾಸಿಗೆಗಳಿವೆ, ಬೋಧಕರು ವಾರ್ಡಿನಲ್ಲಿ ಜೊತೆಗಿರುತ್ತಾರೆಯೇ ಎಂದು ಕೇಳಬೇಕು.

ಆರೋಗ್ಯ ಇಲಾಖೆ ಮತ್ತು ಪದವಿಪೂರ್ವ ಶಿಕ್ಷಣ ಇಲಾಖೆಗೆ ನನ್ನ ಮನವಿ ಇಷ್ಟೇ. ನರ್ಸಿಂಗ್ ಸೇರಬಯಸುವ ಪಿಯುಸಿ ವಿದ್ಯಾರ್ಥಿಗಳಿಗೆ ಸೀಟು ಆಯ್ಕೆಗೆ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಬೆಳಗಿನ ಪಾಳಿಯನ್ನು ಪೂರ್ತಿ ನೋಡಲು ಅವಕಾಶ ಕೊಡಿ. ಮೊಬೈಲ್ ಹೊರಗಿಟ್ಟು, ರೋಗಿಗಳ ಒಪ್ಪಿಗೆ ಪಡೆದು, ನಾಲ್ಕೈದು ಮಕ್ಕಳನ್ನು ಹಿರಿಯ ಶುಶ್ರೂಷಾಧಿಕಾರಿಯೊಬ್ಬರ ಜೊತೆ ಕಳಿಸಿದರೆ ಸಾಕು. ಹೊಸ ಹುದ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಾಗದು. ಆ ಪಾಳಿ ಮುಗಿದ ಮೇಲೆ ಬೇಡವೆನಿಸಿದವರು ಶುಲ್ಕ ಕಟ್ಟುವ ಮೊದಲೇ ಬೇರೆ ದಾರಿ ಹಿಡಿಯಲಿ. ಬೇಕೆನಿಸಿದವರು ಏನನ್ನು ಆರಿಸಿಕೊಳ್ಳುತ್ತಿದ್ದೇವೆ ಎಂದು ತಿಳಿದು ಸೇರಲಿ.

ಇಂತಿ,
ನಿವೃತ್ತ ನರ್ಸಿಂಗ್ ಬೋಧಕಿ, ಧಾರವಾಡ